ಉಲ್ಲೇಖದ ಲೆಕ್ಕ ಮತ್ತು ವಿಜ್ಞಾನಿಯ ತೂಕ: ಫ್ರೆಡರಿಕ್ ಸ್ಯಾಂಗರ್ ಅವರ ಪ್ರಕಟಣೆಗಳನ್ನು ಓದುವ ಬಗೆ

ಘಟಕದ ಉದ್ದೇಶಗಳು

ಈ ಘಟಕವನ್ನು ಅಭ್ಯಾಸ ಮಾಡಿದ ಶಿಕ್ಷಕರು
1. ಸಂಶೋಧನ ಪ್ರಬಂಧ, ಉಲ್ಲೇಖ, ಪ್ರಭಾವಾಂಕ, ಎಚ್-ಸೂಚ್ಯಂಕ ಎಂಬ ಪದಗಳನ್ನು ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ವಿವರಿಸಬಲ್ಲರು;
2. ಒಬ್ಬ ವಿಜ್ಞಾನಿಯ ಪ್ರಕಟಣೆಗಳ ದಾಖಲೆಯನ್ನು ಓದುವಾಗ ಕೇಳಬೇಕಾದ ಪ್ರಶ್ನೆಗಳನ್ನು ಗುರುತಿಸಬಲ್ಲರು;
3. ಸಂಖ್ಯೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬ ವಿವೇಕವನ್ನು ತರಗತಿಯ ಚಟುವಟಿಕೆಯ ಮೂಲಕ ಬೆಳೆಸಬಲ್ಲರು.

1. ಪೀಠಿಕೆ

ವಿಜ್ಞಾನಿಗಳ ಜೀವನಚಿತ್ರಗಳನ್ನು ನಾವು ಸಾಮಾನ್ಯವಾಗಿ ಕಥೆಯ ರೂಪದಲ್ಲಿ ಹೇಳುತ್ತೇವೆ: ಬಾಲ್ಯ, ಬಡತನ, ಪರಿಶ್ರಮ, ಕೊನೆಗೆ ಪ್ರಶಸ್ತಿ. ಆದರೆ ಇಂದಿನ ವಿದ್ಯಾರ್ಥಿಯ ಕಣ್ಣಿಗೆ ಬೀಳುವ ವಿಜ್ಞಾನ ವಾರ್ತೆ ಬೇರೆ ಬಗೆಯದು. ಇಂಥವರು ಇನ್ನೂರು ಪ್ರಬಂಧಗಳನ್ನು ಪ್ರಕಟಿಸಿದ್ದಾರೆ, ಇಂಥವರ ಕೃತಿಗಳಿಗೆ ಹತ್ತು ಸಾವಿರ ಉಲ್ಲೇಖಗಳು ದೊರೆತಿವೆ, ಇಂಥವರು ಜಗತ್ತಿನ ಶ್ರೇಷ್ಠ ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ ಪಡೆದಿದ್ದಾರೆ ಎಂಬ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಓದುವ ಮಗು ಸಹಜವಾಗಿಯೇ ಕೇಳುತ್ತದೆ: ಈ ಉಲ್ಲೇಖವೆಂದರೇನು? ಅದನ್ನು ಎಣಿಸುವವರು ಯಾರು? ಹೆಚ್ಚು ಎಣಿಕೆ ಉಳ್ಳವರೇ ಹೆಚ್ಚು ದೊಡ್ಡವರೇ?

ಈ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆ ವಿಜ್ಞಾನ ಶಿಕ್ಷಕರದಷ್ಟೇ ಭಾಷಾ ಶಿಕ್ಷಕರದೂ ಆಗಿದೆ. ಏಕೆಂದರೆ ಪ್ರಶ್ನೆಯ ಮೂಲದಲ್ಲಿರುವುದು ಓದುವ ಕ್ರಮ. ಗದ್ಯಪಾಠವೊಂದನ್ನು ಓದಿ ಅದರ ಆಶಯವನ್ನು ಹೇಗೆ ಹುಡುಕುತ್ತೇವೆಯೋ ಹಾಗೆಯೇ ಸಂಖ್ಯೆಯೊಂದನ್ನು ಓದಿ ಅದರ ಅರ್ಥವನ್ನೂ ಹುಡುಕಬೇಕಾಗುತ್ತದೆ. ನಮ್ಮ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಮುಂದೆ ಇಂಗ್ಲಿಷ್ ಮಾಧ್ಯಮದ ಕಾಲೇಜುಗಳಿಗೆ ಹೋಗುತ್ತಾರೆ. ಅವರಲ್ಲಿ ಕೆಲವರು ಸಂಶೋಧನೆಗೂ ತೊಡಗುತ್ತಾರೆ. ಅಲ್ಲಿ ಮೊದಲ ದಿನದಿಂದಲೇ ಈ ಎಣಿಕೆಗಳು ಅವರನ್ನು ಎದುರುಗೊಳ್ಳುತ್ತವೆ. ಎಣಿಕೆಗೆ ಬೆರಗಾಗದೆ, ಅದನ್ನು ತಿರಸ್ಕರಿಸದೆ ಓದುವ ಅಭ್ಯಾಸವನ್ನು ಅವರು ಇಲ್ಲಿಂದಲೇ ಒಯ್ಯುವುದು ಒಳಿತು.

ಉದಾಹರಣೆಗಾಗಿ ಇಲ್ಲಿ ಆರಿಸಿಕೊಂಡಿರುವವರು ಆಣವಿಕ ಜೀವವಿಜ್ಞಾನದ ಹಿರಿಯರಾದ, ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ (1918–2013). ಜೀವಕೋಶದೊಳಗಿನ ಪ್ರೋಟೀನ್, ಡಿಎನ್‌ಎ, ಆರ್‌ಎನ್‌ಎ ಮೊದಲಾದ ಅಣುಗಳ ರಚನೆ ಮತ್ತು ಕಾರ್ಯವನ್ನು ಅಭ್ಯಸಿಸುವ ಶಾಸ್ತ್ರವೇ ಆಣವಿಕ ಜೀವವಿಜ್ಞಾನ. ಬರಿಗಣ್ಣಿಗೆ ಕಾಣದ ಜೀವಿಗಳನ್ನು ಅಭ್ಯಸಿಸುವ ಸೂಕ್ಷ್ಮಜೀವಿವಿಜ್ಞಾನ ಬೇರೆ. ಕನ್ನಡದಲ್ಲಿ ‘ಅಣು’ ಎಂಬ ಪದ ಎರಡೂ ಕಡೆ ಬಳಕೆಯಾಗುವುದರಿಂದ ಮಕ್ಕಳು ಗೊಂದಲಕ್ಕೊಳಗಾಗುವ ಸಂಭವವಿದೆ. ಆದ್ದರಿಂದ ಈ ವ್ಯತ್ಯಾಸವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಬೇಕು.

2. ಪ್ರಬಂಧ ಮತ್ತು ಉಲ್ಲೇಖ

ನಮ್ಮ ಪಠ್ಯಪುಸ್ತಕಗಳಲ್ಲಿ ಪ್ರಬಂಧವೆಂದರೆ ವಿದ್ಯಾರ್ಥಿ ಬರೆಯುವ ಪ್ರಬಂಧ ಅಥವಾ ಲಲಿತ ಪ್ರಬಂಧ. ಸಂಶೋಧನ ಪ್ರಬಂಧ ಇವೆರಡರಿಂದಲೂ ಭಿನ್ನವಾದುದು. ಒಂದು ಪ್ರಯೋಗವನ್ನು ಹೇಗೆ ಮಾಡಲಾಯಿತು, ಏನು ಕಂಡುಬಂದಿತು, ಅದರಿಂದ ಏನನ್ನು ತೀರ್ಮಾನಿಸಬಹುದು ಎಂಬುದನ್ನು ಬೇರೆಯವರು ಪರೀಕ್ಷಿಸಿ ನೋಡುವಷ್ಟು ವಿವರವಾಗಿ ಬರೆದ ವರದಿ ಅದು. ಅದನ್ನು ವಿದ್ವತ್ಪತ್ರಿಕೆಗೆ ಕಳುಹಿಸಿದಾಗ ಅದೇ ಕ್ಷೇತ್ರದ ಇತರ ವಿದ್ವಾಂಸರು ಪರಿಶೀಲಿಸುತ್ತಾರೆ. ಅವರ ಆಕ್ಷೇಪಗಳಿಗೆ ಉತ್ತರ ದೊರೆತ ಮೇಲೆ ಅದು ಅಚ್ಚಾಗುತ್ತದೆ.

ಯಾವ ಪ್ರಬಂಧವೂ ಶೂನ್ಯದಿಂದ ಹುಟ್ಟುವುದಿಲ್ಲ. ಹಿಂದಿನವರು ಕಂಡುಕೊಂಡ ವಿಷಯ, ರೂಪಿಸಿದ ವಿಧಾನ, ಕೆಲವೊಮ್ಮೆ ಅವರು ಮಾಡಿದ ತಪ್ಪು, ಇವುಗಳ ಮೇಲೆಯೇ ಹೊಸದು ನಿಲ್ಲುತ್ತದೆ. ಆ ಋಣವನ್ನು ಪ್ರಬಂಧದ ಒಳಗೆ ಹೆಸರಿಸಿ, ಕೊನೆಯಲ್ಲಿ ಪಟ್ಟಿ ಮಾಡುವುದೇ ಉಲ್ಲೇಖ. ‘ಈ ಮಾತಿಗೆ ಆಧಾರ ಅಲ್ಲಿದೆ, ಬೇಕಾದವರು ಹೋಗಿ ನೋಡಬಹುದು’ ಎಂದು ಓದುಗನಿಗೆ ತೋರಿಸಿದ ದಾರಿಯದು.

ಕನ್ನಡ ಶಿಕ್ಷಕರಿಗೆ ಇದನ್ನು ವಿವರಿಸಲು ಒಂದು ಹತ್ತಿರದ ದೃಷ್ಟಾಂತವಿದೆ. ನಮ್ಮ ಪ್ರಾಚೀನ ಕಾವ್ಯಗಳ ಆರಂಭದಲ್ಲಿ ಪೂರ್ವಕವಿಗಳ ಸ್ಮರಣೆ ಇರುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರ ಹೆಸರುಗಳನ್ನು ಹೇಳುತ್ತದೆ. ಅವರ ಕನ್ನಡ ಕೃತಿಗಳು ಇಂದು ನಮಗೆ ದೊರೆತಿಲ್ಲ. ಆದರೂ ಕವಿರಾಜಮಾರ್ಗಕ್ಕೆ ಮೊದಲೇ ಕನ್ನಡದಲ್ಲಿ ಗದ್ಯವಿತ್ತು ಎಂದು ಸಾಹಿತ್ಯಚರಿತ್ರೆಕಾರರು ಹೇಳಲು ಈ ಉಲ್ಲೇಖವು ಆಧಾರವಾಗಿದೆ. ಒಂದೇ ಒಂದು ಉಲ್ಲೇಖ ಎಷ್ಟು ಭಾರ ಹೊರಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಪೂರ್ವಕವಿ ಸ್ಮರಣೆಯಲ್ಲಿ ಗೌರವ ಪ್ರಧಾನ. ಸಂಶೋಧನ ಪ್ರಬಂಧದ ಉಲ್ಲೇಖದಲ್ಲಿ ಆಧಾರ ಪ್ರಧಾನ. ಈ ಭೇದವನ್ನೂ ಮಕ್ಕಳಿಗೆ ತಿಳಿಸಬೇಕು.

3. ಎಣಿಕೆ ಆರಂಭವಾದ ಬಗೆ

ಉಲ್ಲೇಖಗಳು ಹಳೆಯವು, ಅವುಗಳನ್ನು ವ್ಯವಸ್ಥಿತವಾಗಿ ಎಣಿಸುವ ಕ್ರಮ ಹೊಸದು. ಅಮೆರಿಕೆಯ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ವಿಜ್ಞಾನಕ್ಕೊಂದು ಉಲ್ಲೇಖಸೂಚಿ ಬೇಕೆಂದು ಸೂಚಿಸಿದರು. ಅವರಿಗೆ ಮಾದರಿಯಾಗಿದ್ದುದು ಅಮೆರಿಕೆಯ ವಕೀಲರು ಬಳಸುತ್ತಿದ್ದ ಒಂದು ಸೂಚಿ. ಹಳೆಯ ತೀರ್ಪೊಂದನ್ನು ಮುಂದಿನ ಯಾವ ಯಾವ ತೀರ್ಪುಗಳಲ್ಲಿ ಎತ್ತಿಕೊಳ್ಳಲಾಗಿದೆ ಎಂಬುದನ್ನು ಅದು ತಿಳಿಸುತ್ತಿತ್ತು. 1960ರ ದಶಕದಲ್ಲಿ ಗಾರ್ಫೀಲ್ಡ್ ಅವರ ಫಿಲಡೆಲ್ಫಿಯಾದ ಸಂಸ್ಥೆ ವಿಜ್ಞಾನ ಉಲ್ಲೇಖಸೂಚಿಯನ್ನು ಪ್ರಕಟಿಸತೊಡಗಿತು. ಇಂದಿನ ‘ವೆಬ್ ಆಫ್ ಸೈನ್ಸ್’ ಎಂಬ ದತ್ತಾಂಶ ಸಂಗ್ರಹ ಅದರ ಮುಂದುವರಿಕೆ.

ಗಾರ್ಫೀಲ್ಡ್ ಅವರ ಮುಖ್ಯ ಆಶಯ ಹುಡುಕುವವರಿಗೆ ದಾರಿ ತೋರಿಸುವುದಾಗಿತ್ತು. ಒಂದು ವಿಚಾರ ಎಲ್ಲಿ ಹುಟ್ಟಿತು, ಎಲ್ಲಿ ಹರಿಯಿತು, ಯಾರು ಅದನ್ನು ಖಂಡಿಸಿದರು ಎಂಬುದನ್ನು ಸೂಚಿಯ ಮೂಲಕ ಪತ್ತೆಹಚ್ಚಬಹುದಿತ್ತು. ಆದರೆ ಎಣಿಸಬಹುದಾದದ್ದು ಕೈಗೆ ಸಿಕ್ಕಿದ ಮೇಲೆ ಅದನ್ನು ಅಳತೆಗೋಲಾಗಿ ಬಳಸುವ ಮನಸ್ಸೂ ಬರುತ್ತದೆ. ಮುಂದೆ ಎರಡು ಅಳತೆಗಳು ಹೆಚ್ಚು ಪ್ರಚಾರಕ್ಕೆ ಬಂದವು.

ಮೊದಲನೆಯದು ಪ್ರಭಾವಾಂಕ. ಇದು ಪತ್ರಿಕೆಯ ಅಳತೆ. ಪತ್ರಿಕೆಯೊಂದು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖಗಳು ದೊರೆತವು ಎಂಬುದನ್ನು ಇದು ಹೇಳುತ್ತದೆ. ಸರಾಸರಿಯ ಗುಣ ನಮಗೆ ಗೊತ್ತಿದ್ದದ್ದೇ. ತರಗತಿಯ ಸರಾಸರಿ ಅಂಕ 60 ಎಂದಾಕ್ಷಣ ಪ್ರತಿಯೊಂದು ಮಗುವೂ 60 ಪಡೆದಿದೆ ಎಂದಲ್ಲ. ಹಾಗೆಯೇ ಪತ್ರಿಕೆಯ ಪ್ರಭಾವಾಂಕ ಹೆಚ್ಚಿದ್ದ ಮಾತ್ರಕ್ಕೆ ಅದರಲ್ಲಿ ಬರೆದ ಪ್ರತಿಯೊಬ್ಬರ ಕೃತಿಯೂ ಅಷ್ಟೇ ಉಪಯುಕ್ತವೆಂದು ಹೇಳಲಾಗದು.

ಎರಡನೆಯದು ಎಚ್-ಸೂಚ್ಯಂಕ. ಇದನ್ನು 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದರು. ಇದು ವ್ಯಕ್ತಿಯ ಅಳತೆ. ಒಬ್ಬ ಸಂಶೋಧಕರ ಪ್ರಬಂಧಗಳನ್ನು ಉಲ್ಲೇಖದ ಇಳಿಕೆಯ ಕ್ರಮದಲ್ಲಿ ಬರೆದುಕೊಳ್ಳಬೇಕು. ಕನಿಷ್ಠ 4 ಉಲ್ಲೇಖಗಳುಳ್ಳ 4 ಪ್ರಬಂಧಗಳಿದ್ದು, ಕನಿಷ್ಠ 5 ಉಲ್ಲೇಖಗಳುಳ್ಳ 5 ಪ್ರಬಂಧಗಳಿಲ್ಲದಿದ್ದರೆ ಅವರ ಸೂಚ್ಯಂಕ 4. ಕಲ್ಪಿತ ಉದಾಹರಣೆಯೊಂದನ್ನು ಕಪ್ಪುಹಲಗೆಯ ಮೇಲೆ ಬರೆಯಬಹುದು.

ಸಂಶೋಧಕ ‘ಅ’: ಉಲ್ಲೇಖಗಳು 40, 12, 6, 5, 3, 1. ಸೂಚ್ಯಂಕ 4.
ಸಂಶೋಧಕ ‘ಆ’: ಉಲ್ಲೇಖಗಳು 900, 3, 2, 1. ಸೂಚ್ಯಂಕ 2.

‘ಆ’ ಅವರ ಒಂದು ಕೃತಿ ಇಡೀ ಕ್ಷೇತ್ರಕ್ಕೆ ಬೇಕಾಗಿದೆ. ಆದರೂ ಈ ಅಳತೆಯಲ್ಲಿ ಅವರು ‘ಅ’ ಅವರಿಗಿಂತ ಕೆಳಗಿದ್ದಾರೆ. ಅಳತೆಗೋಲು ಸುಳ್ಳು ಹೇಳಲಿಲ್ಲ. ತನಗೆ ಕೇಳಿದ ಪ್ರಶ್ನೆಗಷ್ಟೇ ಉತ್ತರ ಹೇಳಿತು. ಸತತವಾಗಿ ಉಪಯುಕ್ತ ಕೃತಿಗಳನ್ನು ಕೊಟ್ಟವರು ಯಾರು ಎಂಬುದು ಅದರ ಪ್ರಶ್ನೆ. ಅತಿ ಮುಖ್ಯವಾದುದನ್ನು ಕಂಡವರು ಯಾರು ಎಂಬುದಲ್ಲ.

4. ಸ್ಯಾಂಗರ್ ಅವರ ಪ್ರಕಟಣೆಗಳ ದಾಖಲೆ

ಸ್ಯಾಂಗರ್ ಕೇಂಬ್ರಿಜ್‌ನಲ್ಲಿ ಓದಿ, ಅಲ್ಲಿಯೇ ಜೀವಮಾನದ ಕೆಲಸ ಮಾಡಿದರು. ರಸಾಯನಶಾಸ್ತ್ರದಲ್ಲಿ ಎರಡು ಬಾರಿ, 1958ರಲ್ಲಿ ಮತ್ತು 1980ರಲ್ಲಿ, ನೊಬೆಲ್ ಪ್ರಶಸ್ತಿ ಪಡೆದರು. ಅವರ ಕೆಲಸವನ್ನು ಮೂರು ಘಟ್ಟಗಳಲ್ಲಿ ನೋಡಬಹುದು.

ಮೊದಲನೆಯದು ಇನ್ಸುಲಿನ್. ರಕ್ತದಲ್ಲಿನ ಸಕ್ಕರೆಯನ್ನು ನಿಯಂತ್ರಿಸುವ ಈ ಪ್ರೋಟೀನ್‌ನಲ್ಲಿ 51 ಅಮೈನೋ ಆಮ್ಲಗಳಿವೆ. ಅವು 21 ಮತ್ತು 30ರ ಎರಡು ಸರಪಳಿಗಳಾಗಿ ಜೋಡಣೆಗೊಂಡಿವೆ. ಪ್ರೋಟೀನ್‌ಗಳಲ್ಲಿ ಅಮೈನೋ ಆಮ್ಲಗಳಿಗೆ ನಿಶ್ಚಿತ ಕ್ರಮವಿದೆಯೇ ಎಂಬುದೇ ಆಗ ಖಚಿತವಾಗಿರಲಿಲ್ಲ. 1945ರಲ್ಲಿ ಸ್ಯಾಂಗರ್ ಸರಪಳಿಯ ತುದಿಯ ಅಮೈನೋ ಆಮ್ಲವನ್ನು ಗುರುತಿಸುವ ವಿಧಾನವನ್ನು ಪ್ರಕಟಿಸಿದರು. ಅಲ್ಲಿಂದ ತುಣುಕು ತುಣುಕಾಗಿ ಬಿಡಿಸುತ್ತ, ಜೋಡಿಸುತ್ತ, 1951ರಲ್ಲಿ ಹಾನ್ಸ್ ಟುಪ್ಪಿ ಅವರೊಂದಿಗೆ ಒಂದು ಸರಪಳಿಯ ಕ್ರಮವನ್ನೂ 1953ರಲ್ಲಿ ಥಾಂಪ್ಸನ್ ಅವರೊಂದಿಗೆ ಇನ್ನೊಂದರ ಕ್ರಮವನ್ನೂ, 1955ರ ವೇಳೆಗೆ ಎರಡೂ ಸರಪಳಿಗಳನ್ನು ಬೆಸೆದ ಕೊಂಡಿಗಳನ್ನೂ ಪ್ರಕಟಿಸಿದರು. ಸುಮಾರು ಹತ್ತು ವರ್ಷಗಳ ಕಾಲ ಒಂದೇ ಅಣುವಿನ ಹಿಂದೆ ನಡೆದ ಕೆಲಸ ಇದು.

ಎರಡನೆಯದು ಆರ್‌ಎನ್‌ಎ. 1960ರ ದಶಕದಲ್ಲಿ ಅವರು ಮತ್ತು ಅವರ ಸಹೋದ್ಯೋಗಿಗಳು ಆರ್‌ಎನ್‌ಎ ಅಣುವಿನ ಅಕ್ಷರಕ್ರಮವನ್ನು ಓದುವ ವಿಧಾನಗಳನ್ನು ಕಟ್ಟಿದರು. 1967ರಲ್ಲಿ 120 ನ್ಯೂಕ್ಲಿಯೋಟೈಡ್‌ಗಳ ಒಂದು ಸಣ್ಣ ಆರ್‌ಎನ್‌ಎಯ ಕ್ರಮವನ್ನು ಪ್ರಕಟಿಸಿದರು.

ಮೂರನೆಯದು ಡಿಎನ್‌ಎ. 1975ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿ, ಅದರ ಕೊರತೆಗಳನ್ನು ತಿದ್ದಿ, 1977ರಲ್ಲಿ ನಿಕ್ಲೆನ್ ಮತ್ತು ಕೂಲ್ಸನ್ ಅವರೊಡನೆ ಇನ್ನೊಂದನ್ನು ಪ್ರಕಟಿಸಿದರು. ಡಿಎನ್‌ಎಯ ಪ್ರತಿ ಬೆಳೆಯುತ್ತಿರುವಾಗ ನಿರ್ದಿಷ್ಟ ಅಕ್ಷರದ ಬಳಿ ಅದನ್ನು ನಿಲ್ಲಿಸಿ, ನಿಂತ ತುಂಡುಗಳ ಉದ್ದವನ್ನು ಅಳೆದು ಕ್ರಮವನ್ನು ಓದುವುದು ಈ ವಿಧಾನದ ತಿರುಳು. ಪ್ರಬಂಧದ ಉದ್ದ ಐದು ಪುಟ. ಅದೇ ವರ್ಷ 5,300ಕ್ಕೂ ಹೆಚ್ಚು ಅಕ್ಷರಗಳ ಒಂದು ವೈರಸ್‌ನ ಸಂಪೂರ್ಣ ಡಿಎನ್‌ಎ ಕ್ರಮವನ್ನು ಅವರ ತಂಡ ಪ್ರಕಟಿಸಿತು. 1981ರಲ್ಲಿ ಮಾನವನ ಮೈಟೊಕಾಂಡ್ರಿಯದ 16,569 ಅಕ್ಷರಗಳ ಡಿಎನ್‌ಎ ಕ್ರಮ ಬಂದಿತು. 2003ರಲ್ಲಿ ಪೂರ್ಣಗೊಂಡ ಮಾನವ ಜೀನೋಮ್ ಯೋಜನೆ ಮುಖ್ಯವಾಗಿ ಇದೇ ವಿಧಾನದ ಸುಧಾರಿತ ರೂಪವನ್ನು ಆಶ್ರಯಿಸಿತ್ತು. ಸ್ಯಾಂಗರ್ 1983ರಲ್ಲಿ ನಿವೃತ್ತರಾಗಿ ತಮ್ಮ ತೋಟದ ಕೆಲಸಕ್ಕೆ ಮರಳಿದರು.

ಈಗ ಈ ದಾಖಲೆಯನ್ನು ಇಂದಿನ ಪರಿಶೀಲನಾ ಸಮಿತಿಯ ಕಣ್ಣಿನಿಂದ ನೋಡೋಣ. ಸ್ಯಾಂಗರ್ ತೀರಿಕೊಂಡ ಮೇಲೆ ಅವರ ಸಹೋದ್ಯೋಗಿಯೂ ನೊಬೆಲ್ ಪುರಸ್ಕೃತರೂ ಆದ ಸಿಡ್ನಿ ಬ್ರೆನ್ನರ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ನೆನಪಿನ ಬರಹದಲ್ಲಿ ಒಂದು ಕಟುಸತ್ಯವನ್ನು ಹೇಳಿದರು. ಇಂದಿನ ವಿಜ್ಞಾನ ಜಗತ್ತಿನಲ್ಲಿ ಸ್ಯಾಂಗರ್ ಅಂಥವರು ಉಳಿಯುತ್ತಿರಲಿಲ್ಲ ಎಂಬುದು ಆ ಮಾತಿನ ಸಾರ. ಇನ್ಸುಲಿನ್‌ಗೂ ಆರ್‌ಎನ್‌ಎಗೂ ನಡುವೆ, ಆರ್‌ಎನ್‌ಎಗೂ ಡಿಎನ್‌ಎಗೂ ನಡುವೆ ಹೇಳಿಕೊಳ್ಳುವಂಥ ಪ್ರಕಟಣೆ ಇಲ್ಲದ ದೀರ್ಘ ಅಂತರಗಳಿವೆ. ಪದೇ ಪದೇ ವರದಿ ಕೇಳುವ ಸಮಿತಿಯೊಂದು ಇವರನ್ನು ಫಲ ಕೊಡದವರೆಂದು ಗುರುತಿಸುತ್ತಿತ್ತು ಎಂದು ಬ್ರೆನ್ನರ್ ವಾದಿಸಿದರು. ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿ 1951ರಿಂದ ಸ್ಯಾಂಗರ್ ಅವರನ್ನು ತನ್ನ ಸಿಬ್ಬಂದಿಯಾಗಿ ಇರಿಸಿಕೊಂಡು ಕಾದಿತು. ಕಾದದ್ದರ ಫಲವೇ ಎರಡನೆಯ ನೊಬೆಲ್.

ಶಿಕ್ಷಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ದಾಖಲೆಯಲ್ಲಿ ಖಾಲಿ ಕಾಣುವ ವರ್ಷಗಳು ಕೆಲಸವಿಲ್ಲದ ವರ್ಷಗಳಲ್ಲ. ಬಿತ್ತಿದ ಮೇಲೆ ಮೊಳಕೆ ಕಾಣುವವರೆಗೆ ಹೊಲ ಖಾಲಿಯಾಗಿಯೇ ತೋರುತ್ತದೆ. ಆ ದಿನಗಳಲ್ಲಿ ಹೊಲವನ್ನು ಬರಡೆಂದು ಬರೆದುಕೊಳ್ಳುವವನಿಗೆ ಬೇಸಾಯ ತಿಳಿದಿಲ್ಲವೆಂದೇ ಅರ್ಥ.

5. ಅತಿ ಹೆಚ್ಚು ಉಲ್ಲೇಖಗೊಂಡ ಕೃತಿಗಳು ಯಾವುವು?

2014ರಲ್ಲಿ ‘ನೇಚರ್’ ಪತ್ರಿಕೆ ವೆಬ್ ಆಫ್ ಸೈನ್ಸ್ ದತ್ತಾಂಶದ ಆಧಾರದ ಮೇಲೆ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಪ್ರಬಂಧಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಅದರ ಮೊದಲ ನಾಲ್ಕು ಸ್ಥಾನಗಳು ಹೀಗಿದ್ದವು.

ಮೊದಲನೆಯದು: ಅಮೆರಿಕೆಯ ಸೇಂಟ್ ಲೂಯಿಸ್‌ನ ಆಲಿವರ್ ಲೌರಿ ಮತ್ತು ಮೂವರು ಸಹಲೇಖಕರು 1951ರಲ್ಲಿ ಪ್ರಕಟಿಸಿದ, ದ್ರಾವಣದಲ್ಲಿನ ಪ್ರೋಟೀನ್ ಪ್ರಮಾಣವನ್ನು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನ. ಉಲ್ಲೇಖಗಳು 3,05,000ಕ್ಕೂ ಹೆಚ್ಚು.
ಎರಡನೆಯದು: ಉಲ್ರಿಖ್ ಲೆಮ್ಲಿ ಅವರ 1970ರ ಪ್ರಬಂಧ. ಉಲ್ಲೇಖಗಳು 2,13,000ಕ್ಕೂ ಹೆಚ್ಚು.
ಮೂರನೆಯದು: ಮರಿಯನ್ ಬ್ರ್ಯಾಡ್‌ಫರ್ಡ್ ಅವರ 1976ರ, ಪ್ರೋಟೀನ್ ಅಳೆಯುವ ಇನ್ನೊಂದು ವಿಧಾನ. ಉಲ್ಲೇಖಗಳು 1,55,000ಕ್ಕೂ ಹೆಚ್ಚು.
ನಾಲ್ಕನೆಯದು: ಸ್ಯಾಂಗರ್ ಮತ್ತು ಸಂಗಡಿಗರ 1977ರ ಡಿಎನ್‌ಎ ವಿಧಾನ. ಉಲ್ಲೇಖಗಳು 65,000ಕ್ಕೂ ಹೆಚ್ಚು.

ನಾಲ್ಕೂ ಪ್ರಯೋಗವಿಧಾನಗಳಿಗಾಗಿ ಉಲ್ಲೇಖಗೊಂಡವು ಎಂಬುದು ಮೊದಲು ಗಮನಿಸಬೇಕಾದ ಸಂಗತಿ. ಲೆಮ್ಲಿ ಅವರ ಪ್ರಬಂಧ ಇದಕ್ಕೆ ಸೊಗಸಾದ ನಿದರ್ಶನ. ಅದರ ಶೀರ್ಷಿಕೆ ಹೇಳುವುದು ಒಂದು ವೈರಸ್‌ನ ತಲೆಭಾಗ ಜೋಡಣೆಯಾಗುವಾಗ ಪ್ರೋಟೀನ್‌ಗಳು ತುಂಡಾಗುವ ಬಗೆಯನ್ನು. ಆದರೆ ಜಗತ್ತು ಅದನ್ನು ಉಲ್ಲೇಖಿಸಿದ್ದು, ಪ್ರೋಟೀನ್‌ಗಳನ್ನು ಬೇರ್ಪಡಿಸಲು ಅವರು ಅದರಲ್ಲಿ ಬಳಸಿದ ವಿಧಾನಕ್ಕಾಗಿ.

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ಡಿಎನ್‌ಎ ಎರಡೆಳೆಯ ಸುರುಳಿಯೆಂದು ತಿಳಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪ್ರಬಂಧ ಆ ನೂರರ ಪಟ್ಟಿಯಲ್ಲಿಯೇ ಇಲ್ಲ. ಜೀವವಿಜ್ಞಾನದ ದಿಕ್ಕನ್ನೇ ಬದಲಿಸಿದ ಕೃತಿ ಅದು. ಅದಕ್ಕೆ ಕಾರಣವನ್ನು ಹುಡುಕುವುದು ಕಷ್ಟವಲ್ಲ. ಒಂದು ಸತ್ಯ ಪಠ್ಯಪುಸ್ತಕವನ್ನು ಸೇರಿದ ಮೇಲೆ ಅದಕ್ಕೆ ಆಧಾರ ಕೊಡಬೇಕಾದ ಅಗತ್ಯವಿರುವುದಿಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಬರೆಯುವಾಗ ಯಾರೂ ಕೋಪರ್ನಿಕಸ್‌ನ ಗ್ರಂಥವನ್ನು ಉಲ್ಲೇಖಿಸುವುದಿಲ್ಲ. ವಿಚಾರ ಎಲ್ಲರದೂ ಆದಾಗ ಅದರ ಒಡೆಯನ ಹೆಸರು ಮರೆಯಾಗುತ್ತದೆ. ವಿಧಾನದ ಮಾತು ಹಾಗಲ್ಲ. ಯಾವ ವಿಧಾನದಿಂದ ಅಳೆದೆವು ಎಂದು ಪ್ರತಿಯೊಂದು ವರದಿಯಲ್ಲಿಯೂ ಹೇಳಬೇಕಾಗುತ್ತದೆ.

ಲೌರಿ ಅವರೇ ತಮ್ಮ ಪ್ರಬಂಧ ಅಂಥ ಮಹಾಕೃತಿಯೇನಲ್ಲ ಎಂಬುದನ್ನು ಬಲ್ಲವರಾಗಿದ್ದರು. ಅದಕ್ಕೆ ದೊರೆತ ಮನ್ನಣೆಯಿಂದ ಒಳಗೊಳಗೆ ಸಂತೋಷಪಟ್ಟದ್ದನ್ನೂ ಮುಚ್ಚಿಡಲಿಲ್ಲ. ಇದನ್ನು ಮಕ್ಕಳಿಗೆ ಹೇಳುವಾಗ ವಿಧಾನವನ್ನು ಕೀಳೆಂದು ಭಾವಿಸುವಂತೆ ಹೇಳಬಾರದು. ಒಳ್ಳೆಯ ಅಳತೆಗೋಲನ್ನು ಕೊಟ್ಟವರು ಸಾವಿರಾರು ಜನರ ಕೆಲಸವನ್ನು ಸಾಧ್ಯವಾಗಿಸುತ್ತಾರೆ. ಉಲ್ಲೇಖದ ಎಣಿಕೆ ಮುಖ್ಯವಾಗಿ ಹೇಳುವುದು ಬಳಕೆಯನ್ನು. ಬಳಕೆ ದೊಡ್ಡ ಗುಣ. ಆದರೆ ಅದೊಂದೇ ಗುಣವಲ್ಲ.

6. ಹೆಸರೇ ಉಲ್ಲೇಖವಾದಾಗ

ನಮ್ಮ ನೆರೆಹೊರೆಯ ನಿದರ್ಶನವೊಂದು ಇಲ್ಲಿ ಉಚಿತ. ಜಿ. ಎನ್. ರಾಮಚಂದ್ರನ್ (1922–2001) ಕೇರಳದ ಎರ್ನಾಕುಲಂನಲ್ಲಿ ಹುಟ್ಟಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿ ಅಭ್ಯಾಸ ಮಾಡಿದರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಭೌತವಿಜ್ಞಾನದ ಮುಖ್ಯಸ್ಥರಾಗಿ ಹೋದರು. 1970ರ ದಶಕದ ಆರಂಭದಲ್ಲಿ ಮತ್ತೆ ಬೆಂಗಳೂರಿಗೆ ಬಂದು ಅದೇ ಸಂಸ್ಥೆಯಲ್ಲಿ ಆಣವಿಕ ಜೀವಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. 1954ರಲ್ಲಿ ಗೋಪಿನಾಥ ಕರ್ತಾ ಅವರೊಂದಿಗೆ, ಚರ್ಮ ಮತ್ತು ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನ್ ಮೂರೆಳೆಯ ರಚನೆಯುಳ್ಳದ್ದೆಂದು ಸೂಚಿಸಿದರು.

1963ರಲ್ಲಿ ಅವರು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ಐದು ಪುಟಗಳ ಪ್ರಬಂಧವೊಂದನ್ನು ಆಣವಿಕ ಜೀವವಿಜ್ಞಾನದ ಪ್ರಮುಖ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಪ್ರೋಟೀನ್ ಸರಪಳಿಯ ಪ್ರತಿಯೊಂದು ಕೀಲಿನಲ್ಲಿಯೂ ತಿರುಗಬಲ್ಲ ಎರಡು ಕೋನಗಳಿವೆ. ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಆ ಕೋನಗಳು ಎಷ್ಟೆಷ್ಟು ಇರಬಹುದು ಎಂಬುದನ್ನು ಒಂದು ನಕ್ಷೆಯಲ್ಲಿ ತೋರಿಸಬಹುದೆಂಬುದು ಆ ಪ್ರಬಂಧದ ತಿರುಳು. ಅದೇ ರಾಮಚಂದ್ರನ್ ನಕ್ಷೆ. ಇಂದು ಜಗತ್ತಿನ ಪ್ರೋಟೀನ್ ರಚನೆಗಳ ಸಾರ್ವಜನಿಕ ಸಂಗ್ರಹಕ್ಕೆ ಹೊಸ ರಚನೆಯೊಂದನ್ನು ಸಲ್ಲಿಸಿದಾಗ ಅದನ್ನು ಪರೀಕ್ಷಿಸುವ ಕ್ರಮಗಳಲ್ಲಿ ಈ ನಕ್ಷೆಯೂ ಒಂದು. ಅನೇಕ ಪ್ರಬಂಧಗಳಲ್ಲಿ ನಕ್ಷೆಯ ಹೆಸರು ಮಾತ್ರ ಇರುತ್ತದೆ. ಕೊನೆಯ ಪಟ್ಟಿಯಲ್ಲಿ 1963ರ ಪ್ರಬಂಧ ಇರುವುದಿಲ್ಲ. ಅಂಥ ಬಳಕೆ ಎಣಿಕೆಗೆ ಸಿಗುವುದಿಲ್ಲ. ಹೆಸರು ಭಾಷೆಯ ಪದವಾಗಿಬಿಟ್ಟಾಗ ಎಣಿಕೆ ಹಿಂದೆ ಉಳಿಯುತ್ತದೆ.

7. ಎಣಿಕೆಯ ಇತರ ಮಿತಿಗಳು

ಮೊದಲನೆಯದಾಗಿ, ಎಲ್ಲ ಉಲ್ಲೇಖವೂ ಮೆಚ್ಚುಗೆಯಲ್ಲ. 1998ರಲ್ಲಿ ‘ದಿ ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, ದಡಾರ, ಮಂಗಬಾವು, ರುಬೆಲ್ಲಾ ರೋಗಗಳ ಸಂಯುಕ್ತ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸುವ, ಕೇವಲ 12 ಮಕ್ಕಳನ್ನು ಆಧರಿಸಿದ ಪ್ರಬಂಧವೊಂದು ಪ್ರಕಟವಾಯಿತು. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಅದಕ್ಕೆ ಅಪಾರ ಉಲ್ಲೇಖಗಳಿವೆ. ಅವುಗಳಲ್ಲಿ ಬಹುಪಾಲು ಅದನ್ನು ಖಂಡಿಸಲು ಬಂದವು. ಯಂತ್ರ ಎಣಿಸುವಾಗ ಹೊಗಳಿಕೆ ಮತ್ತು ಖಂಡನೆ ಎರಡೂ ಒಂದೊಂದು ಅಂಕಿಯೇ.

ಎರಡನೆಯದಾಗಿ, ಕ್ಷೇತ್ರದಿಂದ ಕ್ಷೇತ್ರಕ್ಕೆ ರೂಢಿ ಬೇರೆ. ಆಣವಿಕ ಜೀವವಿಜ್ಞಾನದಲ್ಲಿ ಸಂಶೋಧಕರೂ ಹೆಚ್ಚು, ಪ್ರಬಂಧದ ಕೊನೆಯ ಪಟ್ಟಿಗಳೂ ಉದ್ದ. ಗಣಿತದಲ್ಲಿ ಎರಡೂ ಕಡಿಮೆ. ಇಬ್ಬರ ಎಣಿಕೆಯನ್ನು ಒಂದೇ ತಕ್ಕಡಿಯಲ್ಲಿಡುವುದು ಭತ್ತವನ್ನೂ ಏಲಕ್ಕಿಯನ್ನೂ ಮೂಟೆಯ ಲೆಕ್ಕದಲ್ಲಿ ಹೋಲಿಸಿದಂತೆ.

ಮೂರನೆಯದಾಗಿ, ಲೇಖಕರ ಸಾಲನ್ನು ಓದಲು ತಿಳಿದಿರಬೇಕು. ಜೀವವಿಜ್ಞಾನದ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಪ್ರಯೋಗದ ಮುಖ್ಯ ಭಾರ ಹೊತ್ತವರ ಹೆಸರು ಮೊದಲು, ಪ್ರಯೋಗಾಲಯದ ಮುಖ್ಯಸ್ಥರ ಹೆಸರು ಕೊನೆಗೆ ಬರುತ್ತದೆ. ಒಂದು ಪ್ರಬಂಧಕ್ಕೆ ನೂರು ಲೇಖಕರಿದ್ದರೆ ಅದರ ಉಲ್ಲೇಖಗಳು ನೂರು ಜನರ ಲೆಕ್ಕಕ್ಕೂ ಸೇರುತ್ತವೆ.

ನಾಲ್ಕನೆಯದು ನಮಗೆ ಹೆಚ್ಚು ಸಂಬಂಧಿಸಿದ್ದು. ಈ ದತ್ತಾಂಶ ಸಂಗ್ರಹಗಳಲ್ಲಿ ಇಂಗ್ಲಿಷ್ ಪತ್ರಿಕೆಗಳೇ ಬಹುಪಾಲು. ಬಿ. ಜಿ. ಎಲ್. ಸ್ವಾಮಿ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದುಕೊಂಡು ಸಸ್ಯವಿಜ್ಞಾನದಲ್ಲಿ ಸಂಶೋಧನ ಪ್ರಬಂಧಗಳನ್ನು ಬರೆದರು. ಕನ್ನಡದಲ್ಲಿ ‘ಹಸುರು ಹೊನ್ನು’ ಬರೆದರು. ಆ ಕೃತಿಗೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಪ್ರಬಂಧಗಳು ಉಲ್ಲೇಖಸೂಚಿಯ ಲೆಕ್ಕಕ್ಕೆ ಸೇರುವ ಬರಹ. ಕನ್ನಡದ ಓದುಗರಿಗೆ ಕಾಡಿನ ಗಿಡಮರಗಳನ್ನು ಪರಿಚಯಿಸಿದ ಪುಸ್ತಕ ಎಷ್ಟು ಮನಸ್ಸುಗಳನ್ನು ತಲುಪಿತು ಎಂಬುದನ್ನು ಅಳೆಯಲು ಆ ಲೆಕ್ಕದಲ್ಲಿ ಅಂಕಣವೇ ಇಲ್ಲ. ಎಣಿಕೆಗೆ ಬಾರದ್ದು ಇಲ್ಲವೆಂದು ತಿಳಿಯಬಾರದು ಎಂಬ ಮಾತು ಗಡಿಯಾಚೆಯ ಕನ್ನಡ ಶಾಲೆಗಳ ಶಿಕ್ಷಕರಿಗೆ ವಿವರಿಸಿ ಹೇಳಬೇಕಾದುದಲ್ಲ. ಹಾಜರಿ ಪುಸ್ತಕದ ಅಂಕಿಯಿಂದ ಶಾಲೆಯ ಅಗತ್ಯವನ್ನು ಅಳೆಯುವ ಕ್ರಮವನ್ನು ನಾವು ಬಲ್ಲೆವು. ಆ ಅಂಕಿ ನಿಜ. ಅದರಾಚೆ ಶಾಲೆ ಮಾಡುವ ಕೆಲಸವೂ ನಿಜ.

ಐದನೆಯದಾಗಿ, ಅಳತೆಗೋಲೇ ಗುರಿಯಾದಾಗ ಅಳತೆ ಕೆಡುತ್ತದೆ. ಒಂದು ಕೆಲಸವನ್ನು ನಾಲ್ಕು ತುಂಡು ಮಾಡಿ ನಾಲ್ಕು ಪ್ರಬಂಧ ಮಾಡುವುದು, ತಮ್ಮದನ್ನೇ ತಾವು ಅನಗತ್ಯವಾಗಿ ಉಲ್ಲೇಖಿಸುವುದು, ಹಣ ಪಡೆದು ಪರಿಶೀಲನೆಯಿಲ್ಲದೆ ಅಚ್ಚು ಹಾಕುವ ಪತ್ರಿಕೆಗಳಿಗೆ ಮೊರೆಹೋಗುವುದು, ಇವೆಲ್ಲ ಎಣಿಕೆಯ ಹಸಿವಿನಿಂದ ಹುಟ್ಟಿದ ರೋಗಗಳು. ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಜೀವವಿಜ್ಞಾನಿಗಳೂ ಇದ್ದರು. 2012ರಲ್ಲಿ ಅಮೆರಿಕೆಯ ಜೀವಕೋಶವಿಜ್ಞಾನಿಗಳ ಸಂಘದ ಸಮ್ಮೇಳನದ ಸಂದರ್ಭದಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ, ನೇಮಕಾತಿ ಮತ್ತು ಬಡ್ತಿಗೆ ಪತ್ರಿಕೆಯ ಪ್ರಭಾವಾಂಕವನ್ನು ಆಧಾರವಾಗಿ ಬಳಸಬಾರದು, ಕೃತಿಯನ್ನೇ ಓದಿ ತೀರ್ಮಾನಿಸಬೇಕು ಎಂದು ಕರೆಕೊಟ್ಟಿತು.

8. ತರಗತಿ ಚಟುವಟಿಕೆ: ನಮ್ಮ ಭಿತ್ತಿಪತ್ರಿಕೆಯ ಉಲ್ಲೇಖಸೂಚಿ

ಸೂಕ್ತ ತರಗತಿ: 8ರಿಂದ 10. ಅವಧಿ: ಒಂದು ತಿಂಗಳು. ಸಾಮಗ್ರಿ: ಹಾಳೆ, ಗುಂಡುಪಿನ್ನು, ಬಣ್ಣದ ದಾರ.

ಅ) ಪ್ರತಿ ವಾರ ವಿದ್ಯಾರ್ಥಿಗಳು ತಮ್ಮ ಊರಿನ ಬಗ್ಗೆ ಪುಟ್ಟ ವರದಿಗಳನ್ನು ಬರೆದು ಭಿತ್ತಿಪತ್ರಿಕೆಗೆ ಹಚ್ಚಲಿ: ಬಾವಿಯ ನೀರಿನ ಮಟ್ಟ, ಸಂತೆಯ ದರ, ಬಿದ್ದ ಮಳೆ, ಊರಿನ ಹೆಸರಿನ ಕಥೆ. ಒಂದು ಗುಂಪು ಗಾಜಿನ ಸೀಸೆಯಿಂದ ಮಳೆ ಅಳೆಯುವ ವಿಧಾನವನ್ನು ಬರೆಯಲಿ.
ಆ) ಎರಡನೆಯ ವಾರದಿಂದ ಒಂದು ನಿಯಮ: ಹಿಂದಿನ ವರದಿಯ ಸಂಗತಿಯನ್ನೋ ವಿಧಾನವನ್ನೋ ಬಳಸಿದವರು ಅದರ ಬರಹಗಾರರ ಹೆಸರು ಮತ್ತು ದಿನಾಂಕವನ್ನು ಕೊನೆಯಲ್ಲಿ ಬರೆಯಬೇಕು. ಹಿರಿಯರನ್ನು ಕೇಳಿ ಬರೆದಿದ್ದರೆ ‘ನಮ್ಮ ಅಜ್ಜಿ ಹೇಳಿದ್ದು’ ಎಂದೂ ಬರೆಯಬೇಕು.
ಇ) ತಿಂಗಳ ಕೊನೆಗೆ ಉಲ್ಲೇಖಿಸಿದ ವರದಿಯಿಂದ ಉಲ್ಲೇಖಗೊಂಡ ವರದಿಗೆ ದಾರ ಕಟ್ಟಿಸಿ. ಯಾವ ವರದಿಗೆ ಹೆಚ್ಚು ದಾರಗಳು ಬಂದಿವೆ ಎಂದು ಎಣಿಸಲಿ.
ಈ) ಚರ್ಚೆ: ಮಳೆ ಅಳೆಯುವ ವಿಧಾನಕ್ಕೆ ಹೆಚ್ಚು ದಾರ ಬಂದಿದ್ದರೆ ಕಾರಣವೇನು? ಒಂದೂ ದಾರವಿಲ್ಲದ ವರದಿಯನ್ನು ಎಲ್ಲರೂ ಮತ್ತೊಮ್ಮೆ ಓದಲಿ. ಅದರಲ್ಲಿ ಬೇರೆಲ್ಲಿಯೂ ಸಿಗದ ಸಂಗತಿ ಇದೆಯೇ? ಯಾವುದಾದರೂ ದಾರ ತಪ್ಪನ್ನು ತಿದ್ದಲು ಬಂದದ್ದೇ?

ಶಿಕ್ಷಕರಿಗೆ ಸೂಚನೆ: ಹೆಚ್ಚು ದಾರ ಬಂದವರಿಗೆ ಬಹುಮಾನ ಕೊಡಬೇಡಿ. ಕೊಟ್ಟರೆ ಮುಂದಿನ ತಿಂಗಳು ಗೆಳೆಯರು ಗೆಳೆಯರ ಹೆಸರನ್ನೇ ಬರೆಯತೊಡಗುತ್ತಾರೆ. ಹಾಗೆ ಆದಲ್ಲಿ ಅದನ್ನೇ ಐದನೆಯ ಮಿತಿಗೆ ಉದಾಹರಣೆಯಾಗಿ ಚರ್ಚಿಸಿ.

ಭಾಷಾ ಚಟುವಟಿಕೆ: ಉಲ್ಲೇಖ, ಉದ್ಧರಣೆ, ಆಕರ, ಋಣ ಎಂಬ ಪದಗಳ ಅರ್ಥವ್ಯತ್ಯಾಸವನ್ನು ವಾಕ್ಯಗಳಲ್ಲಿ ಬಳಸಿ ತೋರಿಸಲಿ. ಉಲ್ಲೇಖವೆಂದರೆ ಇನ್ನೊಬ್ಬರ ಕೃತಿಯನ್ನು ಹೆಸರಿಸುವುದು. ಉದ್ಧರಣೆಯೆಂದರೆ ಅದರ ಮಾತುಗಳನ್ನೇ ಎತ್ತಿ ಬರೆಯುವುದು. ತಮ್ಮ ರಾಜ್ಯಭಾಷೆಯ ಪಠ್ಯಪುಸ್ತಕದಲ್ಲಿ ಇವಕ್ಕೆ ಯಾವ ಪದಗಳಿವೆ ಎಂಬುದನ್ನು ಆ ಭಾಷೆಯ ಶಿಕ್ಷಕರನ್ನು ಕೇಳಿ ಪಟ್ಟಿ ಮಾಡಲಿ.

9. ದಾಖಲೆಯನ್ನು ಓದುವಾಗ ಕೇಳಬೇಕಾದ ಐದು ಪ್ರಶ್ನೆಗಳು

1. ಈ ಸಂಖ್ಯೆ ಯಾವುದರ ಅಳತೆ: ವ್ಯಕ್ತಿಯದೇ, ಪ್ರಬಂಧದ್ದೇ, ಪತ್ರಿಕೆಯದೇ?
2. ಉಲ್ಲೇಖ ಬಂದದ್ದು ವಿಚಾರಕ್ಕೋ, ವಿಧಾನಕ್ಕೋ, ಖಂಡನೆಗೋ?
3. ಹೋಲಿಸುತ್ತಿರುವವರು ಒಂದೇ ಕ್ಷೇತ್ರದವರೇ, ಒಂದೇ ತಲೆಮಾರಿನವರೇ?
4. ಕೆಲಸವನ್ನು ನಿಜವಾಗಿ ಮಾಡಿದವರು ಲೇಖಕರ ಸಾಲಿನಲ್ಲಿ ಎಲ್ಲಿದ್ದಾರೆ?
5. ಎಣಿಕೆಗೆ ಸಿಗದೆ ಉಳಿದದ್ದೇನು?

10. ಮೌಲ್ಯಮಾಪನ

1. ಸಂಶೋಧಕರೊಬ್ಬರ ಆರು ಪ್ರಬಂಧಗಳಿಗೆ 10, 8, 7, 5, 5, 2 ಉಲ್ಲೇಖಗಳಿವೆ. ಎಚ್-ಸೂಚ್ಯಂಕವನ್ನು ಕಂಡುಹಿಡಿಯಿರಿ. (ಉತ್ತರ: 5)
2. 1953ರ ಡಿಎನ್‌ಎ ಪ್ರಬಂಧ ‘ನೇಚರ್’ ಪ್ರಕಟಿಸಿದ ನೂರರ ಪಟ್ಟಿಯಲ್ಲಿ ಇಲ್ಲದಿರಲು ಕಾರಣವೇನಿರಬಹುದು? ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.
3. ನೀವು ಪರಿಶೀಲನಾ ಸಮಿತಿಯ ಸದಸ್ಯರೆಂದು ಭಾವಿಸಿ. 1960ರಲ್ಲಿ ಸ್ಯಾಂಗರ್ ಅವರಿಗೆ ಮುಂದಿನ ಐದು ವರ್ಷಗಳ ಅನುದಾನ ಕೊಡಬೇಕೇ ಬೇಡವೇ ಎಂಬುದನ್ನು ಕಾರಣಸಹಿತ ಪತ್ರರೂಪದಲ್ಲಿ ಬರೆಯಿರಿ.

ಮೂರನೆಯ ಪ್ರಶ್ನೆಗೆ ‘ಕೊಡಬೇಡ’ ಎಂದು ಬರೆದ ವಿದ್ಯಾರ್ಥಿಗೂ ಕಾರಣ ಸರಿಯಾಗಿದ್ದರೆ ಪೂರ್ಣ ಅಂಕ ಕೊಡಬೇಕು. ಸಮಿತಿಯ ಕೈಯಲ್ಲಿರುವ ಹಣ ಸಾರ್ವಜನಿಕರದು. ಲೆಕ್ಕ ಕೇಳುವುದು ತಪ್ಪಲ್ಲ. ಲೆಕ್ಕ ಕೇಳಿದ ಮೇಲೆ ಕೃತಿಯನ್ನು ತೆರೆದು ಓದಬೇಕು ಎಂಬುದನ್ನು ವಿದ್ಯಾರ್ಥಿ ತಿಳಿದುಕೊಂಡರೆ ಈ ಘಟಕದ ಉದ್ದೇಶ ಈಡೇರಿತೆಂದು ಭಾವಿಸಬಹುದು.